"ಯಾವುದಾದ್ರೂ ಓಪನಿಂಗ್ ಇದ್ರೆ ಹೇಳಿ ಸರ್"

ರಿಸಲ್ಟ್ ಬರೋ ಹೊತ್ತಿಗೆ ನನ್ನ ಇನ್‌ಬಾಕ್ಸ್ ತುಂಬ ಇದೇ ಸಾಲು. ಜೊತೆಗೊಂದು ಪಿಡಿಎಫ್, ಹೆಸರು 'ರೆಸ್ಯೂಮೆ ಫೈನಲ್ 2'. ಕಳಿಸಿದವರು ಜಾಣರೇ. ಆದರೆ ಯಾವ ಕೆಲಸ? ಅಕೌಂಟ್ಸಾ, ಟೆಸ್ಟಿಂಗಾ, ಪಾಠ ಹೇಳೋದಾ? 'ಯಾವುದಾದ್ರೂ' ಅಂದವರ ಹೆಸರು ಯಾವ ಕೆಲಸ ಬಂದಾಗಲೂ ನೆನಪಿಗೆ ಬರಲ್ಲ.

ಕೆಲಸ ಸಿಗದಿದ್ದಕ್ಕೆಲ್ಲ ಹುಡುಗರನ್ನೇ ಬೈಯೋರ ಪೈಕಿ ನಾನಲ್ಲ. "ಫ್ರೆಶರ್ ಬೇಕು, ಎರಡು ವರ್ಷ ಅನುಭವ ಇರಬೇಕು" ಅಂತ ಜಾಹೀರಾತು ಹಾಕೋರಿಗೆ ಮೊದಲು ಬುದ್ಧಿ ಹೇಳಬೇಕು. ಆದ್ರೂ ದಿನವಿಡೀ ಜಾಬ್ ಪೋರ್ಟಲ್‌ನಲ್ಲಿ ಒಂದೇ ರೆಸ್ಯೂಮೆಯನ್ನ ಕಂಡಕಂಡಲ್ಲಿ ಹಾಕ್ತಾ ಕೂರೋದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಅದರಲ್ಲಿ ಅರ್ಧ ಹೊತ್ತನ್ನ ಮನುಷ್ಯರ ಹತ್ರ ಮಾತಾಡೋಕೆ ಕೊಡಿ.

ಯಾರ ಹತ್ರ? ಜೀವದ ಗೆಳೆಯರ ಹತ್ರ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ ಇದನ್ನ ಬರೆದಿದ್ರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನ ವಿಚಾರಿಸಿದಾಗ, ಆ ಪರಿಚಯದವರನ್ನ ಆಗಾಗ ಭೇಟಿಯಾಗ್ತಿದ್ದವರು ಶೇ. 17ರಷ್ಟು ಮಾತ್ರ. ಉಳಿದವರೆಲ್ಲ ಅವರನ್ನ ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಭೇಟಿಯಾಗ್ತಿದ್ದವರು. ಕಾರಣ ಸರಳ: ನಿಮ್ಮ ಆಪ್ತರಿಗೆ ಗೊತ್ತಿರೋದು ನಿಮಗೂ ಗೊತ್ತಿರುತ್ತೆ, ಅವರೂ ಅದೇ ಕೆಲಸ ಹುಡುಕ್ತಿರ್ತಾರೆ. ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ಹೆಚ್ಚುಕಮ್ಮಿ ಇದನ್ನೇ ಹೇಳಿತು. ತೀರಾ ಅಪರಿಚಿತರೂ ಅಲ್ಲದ, ತೀರಾ ಹತ್ತಿರದವರೂ ಅಲ್ಲದ ಜನರಿಂದ ಹೆಚ್ಚು ಉಪಯೋಗ.

ಅಂದ್ರೆ ಎರಡು ಬ್ಯಾಚ್ ಹಿಂದಿನ ಸೀನಿಯರ್. ಇಂಟರ್ನ್‌ಶಿಪ್‌ನಲ್ಲಿ ಪಕ್ಕದ ಟೀಮಿನಲ್ಲಿದ್ದವರು. ನಿಮ್ಮ ಗೈಡ್ ಹತ್ರ ಮೊದಲು ಪ್ರಾಜೆಕ್ಟ್ ಮಾಡಿ ಹೋದವರು. ಅವರ ಹತ್ರ ಕೆಲಸ ಕೇಳಬೇಡಿ, ಉತ್ತರ ಕೊಡಬಹುದಾದ ಪ್ರಶ್ನೆ ಕೇಳಿ. ಹೀಗೆ:

"ಅಕ್ಕಾ, ನಾನು ನಿಮ್ಮ ಡಿಪಾರ್ಟ್‌ಮೆಂಟ್‌ನವಳೇ, ನಿಮಗಿಂತ ಎರಡು ಬ್ಯಾಚ್ ಚಿಕ್ಕವಳು. ನೀವೀಗ ಡೇಟಾ ಅನಲಿಸ್ಟ್ ಅಂತ ನೋಡಿದೆ, ನಾನೂ ಅದಕ್ಕೇ ಅಪ್ಲೈ ಮಾಡ್ತಿದ್ದೀನಿ. ಫ್ರೆಶರ್‌ಗೆ ಇಂಟರ್‌ವ್ಯೂನಲ್ಲಿ ಎಸ್‌ಕ್ಯೂಎಲ್ ಎಷ್ಟು ಕೇಳ್ತಾರೆ? ಬಿಡುವಾದಾಗ ಹತ್ತು ನಿಮಿಷ ಮಾತಾಡಬಹುದಾ?"

(ಎಸ್‌ಕ್ಯೂಎಲ್ ಅಂದ್ರೆ ಡೇಟಾಬೇಸ್‌ನಿಂದ ಮಾಹಿತಿ ತೆಗೆಯೋಕೆ ಬಳಸೋ ಭಾಷೆ.) ಇಂಥ ಪ್ರಶ್ನೆಗೆ ಉತ್ತರ ಕೊಡೋಕೆ ಅಧಿಕಾರ ಬೇಕಿಲ್ಲ, ಮುಜುಗರವೂ ಇಲ್ಲ. ಫೋನಿಡೋ ಮುಂಚೆ "ಇನ್ನ್ಯಾರ ಹತ್ರ ಮಾತಾಡಿದ್ರೆ ಒಳ್ಳೇದು?" ಅಂತ ಕೇಳೋದನ್ನ ಮರೀಬೇಡಿ. ಉತ್ತರ ಬರದಿದ್ರೆ ವಾರ ಬಿಟ್ಟು ಇನ್ನೊಮ್ಮೆ ಕೇಳಿ. ಆಗಲೂ ಸುಮ್ಮನಿದ್ರೆ ಬಿಟ್ಟುಬಿಡಿ, ಅವರಿಗೂ ಅವರದೇ ತಾಪತ್ರಯ ಇರುತ್ತೆ.

ರೆಸ್ಯೂಮೆ ಬಗ್ಗೆ ಎರಡೇ ಮಾತು. 'ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್' ತೆಗೀರಿ. ಸೋಮಾರಿ ಅಂತ ಯಾರೂ ಬರ್ಕೊಳ್ಳಲ್ಲ. "ವಿಭಾಗದ ಗ್ರಂಥಾಲಯದ 1,200 ಪುಸ್ತಕಗಳ ಪಟ್ಟಿಯನ್ನ ಎಕ್ಸೆಲ್‌ಗೆ ಹಾಕಿ, ಎರಡೆರಡು ಸಲ ನಮೂದಾಗಿದ್ದನ್ನ ತೆಗೆದೆ" ಅನ್ನೋ ಥರದ ಒಂದು ಸಾಲಿದ್ರೆ ಓದೋನಿಗೆ ಕೇಳೋಕೆ ಏನಾದ್ರೂ ಸಿಗುತ್ತೆ. ಇನ್ನೊಂದು, ಎರಡು ಕಾಲಮ್, ಟೇಬಲ್, ಬಣ್ಣದ ಪಟ್ಟಿ ಬೇಡ. ರೆಸ್ಯೂಮೆ ಓದೋ ಕೆಲವು ಸಾಫ್ಟ್‌ವೇರ್ ಅದನ್ನ ಕಲಸುಮೇಲೋಗರ ಮಾಡಿಬಿಡುತ್ತೆ.

ಮತ್ತೆ, ಆಫರ್ ಲೆಟರ್‌ಗೆ ಮುಂಚೆ ಟ್ರೈನಿಂಗ್ ಫೀಸು, ಲ್ಯಾಪ್‌ಟಾಪ್ ಡೆಪಾಸಿಟ್ಟು ಅಂತ ದುಡ್ಡು ಕೇಳಿದ್ರೆ ವಾದ ಮಾಡೋಕೂ ಹೋಗಬೇಡಿ, ಬ್ಲಾಕ್ ಮಾಡಿ.