ಒಣಗಿದ ಹೂಗಳನ್ನು ಕತ್ತರಿಸಬೇಡಿ, ಗೋಲ್ಡ್‌ಫಿಂಚ್ ತಾನಾಗಿ ಬರುತ್ತದೆ

ನ್ಯೂಜೆರ್ಸಿಯಲ್ಲಿ ಸೆಪ್ಟೆಂಬರ್ ಮುಗಿಯುತ್ತಾ ಬಂತೆಂದರೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು. ಹಿತ್ತಲು ಕ್ಲೀನ್ ಮಾಡಿಸಬೇಕು, ನೀವು ಯಾರನ್ನು ಕರೆಸಿದಿರಿ, ಎಷ್ಟು ತಗೊಂಡರು. ಬೇಸಿಗೆಯೆಲ್ಲ ಹೂ ಬಿಟ್ಟ ಗಿಡಗಳು ಆಗ ಕಂದು ಬಣ್ಣಕ್ಕೆ ತಿರುಗಿ ನಿಂತಿರುತ್ತವೆ. ನೋಡಲು ಚೆನ್ನಾಗಿಲ್ಲ ಅಂತ ಬುಡಕ್ಕೇ ಕತ್ತರಿಸಿ, ದೊಡ್ಡ ಕಾಗದದ ಚೀಲಗಳಿಗೆ ತುಂಬಿ ರಸ್ತೆ ಬದಿಗೆ ಇಡುತ್ತಾರೆ. ಮುಂದಿನ ಬೇಸಿಗೆಯಲ್ಲಿ ಅದೇ ಸ್ನೇಹಿತರು ನನ್ನನ್ನು ಕೇಳುತ್ತಾರೆ, "ನಿಮ್ಮನೇಗೆ ಆ ಹಳದಿ ಹಕ್ಕಿ ಬರುತ್ತಲ್ಲಾ, ನಮ್ಮನೇಗೆ ಯಾಕೆ ಬರಲ್ಲ? ಕಾಳು ಹಾಕುವ ಫೀಡರ್ ಕೂಡ ತಂದು ನೇತುಹಾಕಿದೀವಿ."

ಅದರ ಊಟವನ್ನು ನೀವೇ ಚೀಲಕ್ಕೆ ತುಂಬಿ ಕಳಿಸಿದ್ದೀರಿ. ಅದಕ್ಕೇ ಬರಲ್ಲ.

ಆ ಹಳದಿ ಹಕ್ಕಿಯೇ ಗೋಲ್ಡ್‌ಫಿಂಚ್, ನಮ್ಮ ರಾಜ್ಯದ ಹಕ್ಕಿ. 1935ರಿಂದ ನ್ಯೂಜೆರ್ಸಿಗೆ ಅದೇ ಗುರುತು. ಅಯೋವಾ ಮತ್ತು ವಾಷಿಂಗ್ಟನ್ ರಾಜ್ಯಗಳಿಗೂ ಅದೇ. ತೂಕ ಇಪ್ಪತ್ತು ಗ್ರಾಂ ಕೂಡ ದಾಟುವುದಿಲ್ಲ. ಬೇಸಿಗೆಯಲ್ಲಿ ಗಂಡಿನ ಮೈ ನಿಂಬೆಹಣ್ಣಿನ ಹಳದಿ, ರೆಕ್ಕೆ ಕಪ್ಪು, ಹಣೆಯ ಮೇಲೆ ಕಪ್ಪು ಟೋಪಿ. ಹಾರುವಾಗ ಮೇಲೆ ಕೆಳಗೆ ಜೀಕುತ್ತಾ, ಪ್ರತಿ ಸಲ ಮೇಲೇರುವಾಗ ಒಂದು ಸಣ್ಣ ಕೂಗು ಹಾಕುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ತಲೆ ಎತ್ತದೆಯೇ ಗೊತ್ತಾಗುತ್ತದೆ, ಬಂತು ಅಂತ.

ಇದು ಬಹುಮಟ್ಟಿಗೆ ಪೂರ್ತಿ ಸಸ್ಯಾಹಾರಿ. ಹಕ್ಕಿಗಳಲ್ಲಿ ಇದು ತುಂಬಾ ಅಪರೂಪ. ಕಾಳು ತಿನ್ನುವ ಎಷ್ಟೋ ಹಕ್ಕಿಗಳು ಮರಿಗಳಿಗೆ ಮಾತ್ರ ಹುಳ ಹುಪ್ಪಟೆ ತಂದು ಕೊಡುತ್ತವೆ. ಗೋಲ್ಡ್‌ಫಿಂಚ್ ಮರಿಗಳಿಗೂ ಬೀಜವೇ. ಕೌಬರ್ಡ್ ಅಂತ ಒಂದು ಹಕ್ಕಿ ಇದೆ, ನಮ್ಮ ಕೋಗಿಲೆಯ ಹಾಗೆ ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಗೋಲ್ಡ್‌ಫಿಂಚ್ ಗೂಡಿನಲ್ಲಿ ಹುಟ್ಟಿದ ಕೌಬರ್ಡ್ ಮರಿ ಬರೀ ಬೀಜ ತಿಂದು ಕೆಲವೇ ದಿನಗಳಲ್ಲಿ ಸಾಯುತ್ತದೆ. ಅಂದರೆ ಈ ಹಕ್ಕಿಗೆ ಹುಟ್ಟಿನಿಂದ ಕೊನೆವರೆಗೂ ಬೀಜ ಬೇಕು. ಬೀಜ ಕಟ್ಟುವ ಮೊದಲೇ ಹೂ ಕತ್ತರಿಸುವ ಊರಿನಲ್ಲಿ ಅದು ಏನು ತಿನ್ನಬೇಕು?

ಇದೇ ಕಾರಣಕ್ಕೆ ಅದು ಗೂಡು ಕಟ್ಟುವುದೂ ತಡವಾಗಿ. ರಾಬಿನ್‌ಗಳೆಲ್ಲ ಏಪ್ರಿಲ್‌ನಲ್ಲೇ ಸಂಸಾರ ಶುರು ಮಾಡಿದರೆ ಇದು ಜೂನ್ ಕೊನೆ, ಜುಲೈವರೆಗೂ ಕಾಯುತ್ತದೆ. ಆ ಹೊತ್ತಿಗೆ ಥಿಸಲ್ ಮುಳ್ಳುಗಿಡ, ನಮ್ಮ ಎಕ್ಕದ ಬಂಧುವಾದ ಮಿಲ್ಕ್‌ವೀಡ್, ಇವೆಲ್ಲ ಒಂದೊಂದಾಗಿ ಬಲಿಯುತ್ತಾ ಬರುತ್ತವೆ. ಅವುಗಳ ಹತ್ತಿಯನ್ನು ತಂದು ಗೂಡಿಗೆ ಮೆತ್ತೆ ಹಾಕುತ್ತದೆ, ಜೇಡರ ಬಲೆಯಿಂದ ಗೂಡನ್ನು ಕೊಂಬೆಗೆ ಕಟ್ಟುತ್ತದೆ. ಹೆಣಿಗೆ ಎಷ್ಟು ಬಿಗಿ ಅಂದರೆ ಮಳೆ ಬಂದರೆ ಗೂಡಿನಲ್ಲಿ ನೀರು ನಿಲ್ಲಬಹುದು. ಹೆಣ್ಣು ಕಾವಿಗೆ ಕೂತಿರುವ 12-14 ದಿನ ಗಂಡು ಊಟ ತಂದು ಕೊಡುತ್ತದೆ. ನಾವು ಆಗಸ್ಟ್‌ನಲ್ಲಿ "ಗಿಡ ಹಾಳಾಯ್ತು, ಕಿತ್ತಾಕಿ" ಅನ್ನುವಾಗ ಅದರ ಗೂಡಿನಲ್ಲಿ ಮರಿಗಳು ಬಾಯಿ ತೆರೆದು ಕೂತಿರುತ್ತವೆ.

ಹಾಗಾದರೆ ಏನು ಬೆಳೆಯಬೇಕು? ಕಷ್ಟದ್ದೇನೂ ಇಲ್ಲ. ನೇರಳೆ ಕೋನ್‌ಫ್ಲವರ್ ಮೊದಲು. ಒಮ್ಮೆ ನೆಟ್ಟರೆ ವರ್ಷ ವರ್ಷ ಬರುತ್ತದೆ, ಒಣಗಿದ ತಲೆಯ ಮೇಲೆ ಹಕ್ಕಿ ಕೂತು ಬೀಜ ಬಿಡಿಸುವುದನ್ನು ಅಡುಗೆಮನೆ ಕಿಟಕಿಯಿಂದಲೇ ನೋಡಬಹುದು. ಸೂರ್ಯಕಾಂತಿ, ಬ್ಲ್ಯಾಕ್ ಐಡ್ ಸೂಸನ್, ಕಾಸ್ಮಾಸ್, ಜೀನಿಯಾ ಎಲ್ಲವೂ ಆಗುತ್ತವೆ. ಜೀನಿಯಾದ ಪಕಳೆಗಳನ್ನು ಕಿತ್ತೆಸೆದು ಒಳಗಿನ ಬೀಜ ತೆಗೆಯುತ್ತವೆ, ಪಾತಿಯೆಲ್ಲ ಹೂವಿನ ಚೂರು, ಬೇಜಾರು ಮಾಡಿಕೊಳ್ಳಬೇಡಿ. ಜಾಗ ಜಾಸ್ತಿ ಇದ್ದವರು ಕಪ್ ಪ್ಲಾಂಟ್ ಹಾಕಿ. ಆಳೆತ್ತರ ಮೀರಿ ಬೆಳೆಯುತ್ತದೆ, ಎದುರುಬದುರಾದ ಎಲೆಗಳು ಕಾಂಡದ ಸುತ್ತ ಕೂಡಿಕೊಂಡು ಬಟ್ಟಲಾಗಿ, ಮಳೆನೀರು ನಿಲ್ಲುತ್ತದೆ. ಗೋಲ್ಡ್‌ಫಿಂಚ್ ಅಲ್ಲೇ ನೀರು ಕುಡಿದು ಅಲ್ಲೇ ಬೀಜ ತಿನ್ನುತ್ತದೆ. ಥಿಸಲ್ ಬೆಳೆಯುವ ಆಸೆ ಇದ್ದರೆ ಈ ನೆಲದ್ದೇ ಆದ ಫೀಲ್ಡ್ ಥಿಸಲ್ ಹುಡುಕಿ. ಕೆನಡಾ ಥಿಸಲ್ ಬೇಡವೇ ಬೇಡ. ಹೆಸರು ಹಾಗಿದ್ದರೂ ಅದು ಹೊರಗಿನಿಂದ ಬಂದ ಕಳೆ, ಪಕ್ಕದವರ ಜಾಗಕ್ಕೂ ನುಗ್ಗುತ್ತದೆ.

ಇನ್ನು ಲಾನ್. ವಸಂತದಲ್ಲಿ ಡ್ಯಾಂಡಿಲಿಯನ್ ಅನ್ನುವ ಹಳದಿ ಹೂವಿನ ಕಳೆ ಬೀಜ ಕಟ್ಟಿದಾಗ ಗೋಲ್ಡ್‌ಫಿಂಚ್‌ಗಳು ಹುಲ್ಲಿಗೇ ಇಳಿದು ತಿನ್ನುತ್ತವೆ. ಆ ಹೊತ್ತಿಗೇ ನಾವು ದುಡ್ಡು ಕೊಟ್ಟು ಕಳೆನಾಶಕ ಹೊಡೆಸಿ, "ಮಕ್ಕಳು, ನಾಯಿ ಬಿಡಬೇಡಿ" ಅನ್ನುವ ಸಣ್ಣ ಬಾವುಟ ನೆಡಿಸಿಕೊಳ್ಳುತ್ತೇವೆ. ಮಕ್ಕಳನ್ನು ಬಿಡಬಾರದ ಹುಲ್ಲು ಯಾರಿಗೆ ಬೇಕು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಫೀಡರ್ ಬೇಡ ಅನ್ನುತ್ತಿಲ್ಲ. ನಮ್ಮನೆಯಲ್ಲೂ ಇದೆ. ಅದಕ್ಕೆ ಹಾಕುವ ಕಪ್ಪು ಸಣ್ಣ ಬೀಜ, ಅಂಗಡಿಯವರು ನೈಜರ್ ಅಂತ ಮಾರುವುದು, ನಮ್ಮ ಹುಚ್ಚೆಳ್ಳೇ. ಧಾರವಾಡದ ಕಡೆಯವರು ಗುರೆಳ್ಳು ಚಟ್ನಿಪುಡಿ ಮಾಡುತ್ತಾರಲ್ಲ, ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಬಿಡುತ್ತದಲ್ಲ, ಅದೇ. ಇಲ್ಲಿಗೆ ಇಂಡಿಯಾದಿಂದಲೂ ಇಥಿಯೋಪಿಯಾದಿಂದಲೂ ಬರುತ್ತದೆ. ಜೊತೆಗೆ ಬರಬಹುದಾದ ಕಳೆಯ ಬೀಜ ಇಲ್ಲಿ ಮೊಳೆಯಬಾರದು ಅಂತ ಶಾಖ ಕೊಟ್ಟು ಮಾರುತ್ತಾರೆ. ಹಕ್ಕಿಗೆ ಅಂತ ಮಾರುವುದನ್ನು ಚಟ್ನಿಗೆ ಬಳಸಬೇಡಿ, ಅದು ನಮ್ಮ ಊಟಕ್ಕೆ ಅಂತ ಶುಚಿ ಮಾಡಿದ್ದಲ್ಲ.

ಹುಚ್ಚೆಳ್ಳು ಎಣ್ಣೆಕಾಳು, ಹಾಗಾಗಿ ಬೇಗ ಕಮಟು ಹಿಡಿಯುತ್ತದೆ. ಅಗ್ಗ ಅಂತ ದೊಡ್ಡ ಮೂಟೆ ತಂದು ಗ್ಯಾರೇಜ್‌ನಲ್ಲಿ ಬೇಸಿಗೆಯೆಲ್ಲ ಇಟ್ಟರೆ ಹಕ್ಕಿ ಮೂಸಿಯೂ ನೋಡುವುದಿಲ್ಲ. ಫೀಡರ್ ಇದ್ದರೂ ಹಕ್ಕಿ ಇಲ್ಲ ಅನ್ನುವವರಲ್ಲಿ ಅರ್ಧ ಜನರ ತೊಂದರೆ ಇದೇ ಅಂತ ನನ್ನ ಅನಿಸಿಕೆ. ಸ್ವಲ್ಪ ಸ್ವಲ್ಪ ತನ್ನಿ. ಸಣ್ಣ ಸೀಳು ಇರುವ ಉದ್ದ ಕೊಳವೆಯ ಫೀಡರ್ ತಗೊಳ್ಳಿ. ಮಳೆಗೆ ನೆನೆದು ಗಟ್ಟಿಯಾದ ಬೀಜ ಎಸೆದು ಹೊಸದು ತುಂಬಿ. ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜವನ್ನೂ ಖುಷಿಯಿಂದ ತಿನ್ನುತ್ತವೆ.

ತೊಳೆಯುವ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ತೊಳೆಯಲು ಪುರುಸೊತ್ತು ಇಲ್ಲದವರು ಫೀಡರ್ ಹಾಕಲೇಬೇಡಿ. 1994ರಲ್ಲಿ ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಹೌಸ್ ಫಿಂಚ್ ಹಕ್ಕಿಗಳಲ್ಲಿ ಒಂದು ಕಣ್ಣಿನ ಕಾಯಿಲೆ ಕಾಣಿಸಿತು. ರೆಪ್ಪೆ ಊದಿ, ಕಣ್ಣು ಅಂಟಿಕೊಂಡು, ಕಡೆಗೆ ಕುರುಡಾಗಿ ಹಸಿವಿನಿಂದಲೋ ಬೆಕ್ಕಿನ ಬಾಯಿಗೆ ಸಿಕ್ಕೋ ಸಾಯುತ್ತವೆ. ಅದು ಗೋಲ್ಡ್‌ಫಿಂಚ್‌ಗೂ ಬರುತ್ತದೆ. 2021ರ ಶುರುವಿನಲ್ಲಿ ಪಶ್ಚಿಮದ ರಾಜ್ಯಗಳಲ್ಲಿ ಪೈನ್ ಸಿಸ್ಕಿನ್ ಅನ್ನುವ ಸಣ್ಣ ಹಕ್ಕಿಗಳು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಿಂದ ಸತ್ತಾಗ, ಫೀಡರ್ ಇಳಿಸಿಬಿಡಿ ಅಂತ ಅಲ್ಲಿನ ಸರ್ಕಾರಿ ಇಲಾಖೆಗಳೇ ಜನರನ್ನು ಕೇಳಿಕೊಂಡವು. ಹತ್ತಾರು ಹಕ್ಕಿಗಳನ್ನು ಒಂದೇ ಕೊಳವೆಗೆ ಕರೆದು ಕೂರಿಸುವವರು ನಾವು. ಎರಡು ವಾರಕ್ಕೊಮ್ಮೆ ಪೂರ್ತಿ ಬಿಚ್ಚಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ಚೆನ್ನಾಗಿ ಜಾಲಿಸಿ, ಒಣಗಿಸಿ ಹಾಕಿ. ಕಾಯಿಲೆಯ ಹಕ್ಕಿ ಕಂಡರೆ ಕೆಲವು ವಾರ ಫೀಡರ್ ತೆಗೆದಿಡಿ. ಕೆಳಗೆ ಬಿದ್ದ ಸಿಪ್ಪೆ ಗುಡಿಸಿ.

ಚಳಿಗಾಲದಲ್ಲಿ "ಹಳದಿ ಹಕ್ಕಿ ಹೋಯ್ತು" ಅಂತ ಫೀಡರ್ ಒಳಗಿಡುವವರೂ ಇದ್ದಾರೆ. ಹೋಗಿರುವುದಿಲ್ಲ. ಈ ಹಕ್ಕಿ ವರ್ಷಕ್ಕೆ ಎರಡು ಸಲ ಮೈಯ ಗರಿ ಬದಲಿಸುತ್ತದೆ. ಹಿಮದ ದಿನಗಳಲ್ಲಿ ಮಣ್ಣು ಬಣ್ಣದ, ತಟ್ಟನೆ ನೋಡಿದರೆ ಗುಬ್ಬಿ ಅನ್ನಿಸುವ ಸಣ್ಣ ಹಕ್ಕಿ ಬಂದರೆ ರೆಕ್ಕೆ ನೋಡಿ. ಕಪ್ಪು ರೆಕ್ಕೆಯ ಮೇಲೆ ತಿಳಿ ಬಣ್ಣದ ಪಟ್ಟಿ ಇದ್ದರೆ ಅದೇ ನಿಮ್ಮ ಗೋಲ್ಡ್‌ಫಿಂಚ್. ಆಗಲೇ ಅದಕ್ಕೆ ಊಟ ಸಿಗುವುದು ಕಷ್ಟ.

ಮನೆಗಳ ಸಂಘದವರು ಏನಾದರೂ ಅಂದರೆ ಎಂಬ ಭಯ ಹಲವರಿಗಿದೆ, ಅದು ಸುಮ್ನೆ ಅಲ್ಲ. ನಮಗೂ ಒಣಗಿದ ಗಿಡಗಳ ಬಗ್ಗೆ ಪತ್ರ ಬಂದಿತ್ತು. ನಾವು ಮುಂದಿನ ಅಂಗಳ ಓರಣ ಮಾಡಿ, ಹಿತ್ತಲಿನ ಪಾತಿಯ ಅಂಚಿಗೆ ಇಟ್ಟಿಗೆ ಜೋಡಿಸಿ, ಇದು ಬೇಕೆಂದೇ ಬಿಟ್ಟಿರುವುದು, ಏಪ್ರಿಲ್‌ನಲ್ಲಿ ಕತ್ತರಿಸುತ್ತೇವೆ ಅಂತ ಉತ್ತರ ಬರೆದೆವು. ಆಮೇಲೆ ಮಾತೇ ಬರಲಿಲ್ಲ. ಅಂಚು ನೀಟಾಗಿದ್ದರೆ ಒಳಗಿನದ್ದನ್ನು ಜನ ತೋಟ ಅಂತ ಒಪ್ಪುತ್ತಾರೆ.

ಈ ವರ್ಷ ಪೂರ್ತಿ ಹಿತ್ತಲು ಬೇಡ, ಒಂದು ಮೂಲೆ ಬಿಡಿ ಸಾಕು. ಎಡಿಸನ್, ಪ್ಲೇನ್ಸ್‌ಬರೋ ಸುತ್ತಮುತ್ತ ಇರುವವರು ಇನ್‌ಬಾಕ್ಸ್‌ಗೆ ಬನ್ನಿ, ಕೋನ್‌ಫ್ಲವರ್ ಬೀಜ ಕೊಡುತ್ತೇನೆ. ಹಕ್ಕಿಗಳ ಪಾಲು ಬಿಟ್ಟು ಉಳಿದದ್ದು ನಮ್ಮಲ್ಲಿ ಬೇಕಾದಷ್ಟಿದೆ. ನವೆಂಬರ್‌ನಲ್ಲಿ ಮಣ್ಣಿನ ಮೇಲೆ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ. ಚಳಿ ತಿಂದ ಬೀಜ ವಸಂತದಲ್ಲಿ ಚೆನ್ನಾಗಿ ಮೊಳೆಯುತ್ತದೆ. ಹೂ ಬಿಡಲು ಎರಡನೇ ವರ್ಷ ಆಗಬಹುದು, ಅಲ್ಲಿವರೆಗೆ ಜೀನಿಯಾ ಹಾಕಿಕೊಳ್ಳಿ.