ತುಕ್ಕಿನ ಮೇಲೊಂದು ಕೋಟ್ ಬಣ್ಣ

ಮಳೆ ಜೋರಾದರೆ ಸಾಕು, ಪೇಪರಿನಲ್ಲಿ ಅದೇ ಫೋಟೋ. ಲೇಔಟಿನ ಬೀದಿಯಲ್ಲಿ ದೋಣಿ, ದೋಣಿಯಲ್ಲಿ ಸಾಲ ಮಾಡಿ ಮನೆ ಕೊಂಡ ಜನ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, 2025ರ ಮೇನಲ್ಲಿ ಸಾಯಿ ಲೇಔಟು. ಇದನ್ನು ನೋಡಿ ನೋಡಿ ನನ್ನ ಗೆಳೆಯನೊಬ್ಬ ತೀರ್ಮಾನಕ್ಕೆ ಬಂದಿದ್ದಾನೆ. ಬೆಂಗಳೂರಿನಲ್ಲಿ ಸೈಟು ಕೊಳ್ಳೋದು ದಂಡ, ಉಕ್ಕಿನ ಹೌಸ್‌ಬೋಟೇ ಸರಿ.

ಆದರೆ ಉಕ್ಕು ಅಂದಮೇಲೆ ತುಕ್ಕು. ಎರಡು ಮೂರು ವರ್ಷಕ್ಕೊಮ್ಮೆ ಬೋಟನ್ನು ನೀರಿನಿಂದ ಮೇಲೆತ್ತಬೇಕು. ತಳದ ಪಾಚಿ, ಸಡಿಲ ತುಕ್ಕು ಉಜ್ಜಿ ತೆಗೆಯಬೇಕು, ಆಮೇಲೆ ಬಣ್ಣ. ಎತ್ತಿ ನಿಲ್ಲಿಸಲು ಜಾಗ ಎಲ್ಲಿದೆ ಅಂದೆ. ಏಪ್ರಿಲ್ ಬರಲಿ, ಕೆರೆಗೆ ಕೆರೆಯೇ ಒಣಗಿರುತ್ತಲ್ಲ ಅಂದ.

ಬೆಳ್ಳಂದೂರು ಕೆರೆಯಲ್ಲಿ ನಿಲ್ಲಿಸುವ ಆಸೆ ಅವನಿಗೆ. ಕೊಳಚೆ ನೀರಿನಲ್ಲಿ ಗಾಳಿ ಇಲ್ಲದ ಕಡೆ ಬೆಳೆಯುವ ಒಂದು ಜಾತಿ ಬ್ಯಾಕ್ಟೀರಿಯಾ ಉಕ್ಕಿನಲ್ಲಿ ಗುಂಡಿ ಕೊರೆಯುತ್ತದೆ. ಅಂದರೆ ರಸ್ತೆಯಲ್ಲಿರುವುದು ಬೋಟಿಗೂ ಬರುತ್ತದೆ. ಗುಂಡಿ ಮುಚ್ಚಲು ವೆಲ್ಡಿಂಗ್ ಮಾಡೋಣ ಅಂದರೆ ಅದೂ ಕಷ್ಟ. 2015ರಲ್ಲಿ ಈ ಕೆರೆಯ ನೊರೆಗೇ ಬೆಂಕಿ ಬಿದ್ದಿತ್ತು. 2018ರಲ್ಲಿ ಕೆರೆಗೆ ಮತ್ತೆ ಬೆಂಕಿ ಬಿದ್ದಾಗ ಆರಿಸಲು ಸೈನಿಕರೇ ಬರಬೇಕಾಯಿತು. ಬೋಟು ರಿಪೇರಿಗೆ ಸೈನ್ಯ ಕರೆಸೋದು ಸ್ವಲ್ಪ ಜಾಸ್ತಿಯಾಯ್ತು.

ತುಕ್ಕು ತಡೆಯಲು ಇನ್ನೊಂದು ಉಪಾಯ ಇದೆ, ಆನೋಡ್. ಸಿಹಿನೀರಾದರೆ ಮೆಗ್ನೀಸಿಯಂ ತುಂಡು, ಉಪ್ಪುನೀರಾದರೆ ಸತುವಿನದು, ಬೋಟಿನ ತಳಕ್ಕೆ ಕಟ್ಟುತ್ತಾರೆ. ತುಕ್ಕು ಬೋಟನ್ನು ಬಿಟ್ಟು ಮೊದಲು ಆ ತುಂಡನ್ನು ತಿನ್ನುತ್ತದೆ. ದೊಡ್ಡದು ಉಳಿಯಲಿ ಅಂತ ಸಣ್ಣದರ ಬಲಿ. ಈ ವಿದ್ಯೆ ನಮ್ಮ ಊರಿಗೆ ಹೊಸದೇನಲ್ಲ ಬಿಡಿ. ಗುಂಡಿಗೆ ಬಿದ್ದು ಯಾರಾದರೂ ಸತ್ತರೆ ಒಬ್ಬ ಸಹಾಯಕ ಇಂಜಿನಿಯರ್ ಅಮಾನತು. ತುಂಡು ಸವೆಯಿತು, ಹಡಗು ಕ್ಷೇಮ.

ತಳ ತೀರಾ ತೆಳುವಾದರೆ? ಹಳೇ ತಗಡಿನ ಮೇಲೆ ಹೊಸ ತಗಡು ಬೆಸೆಯುತ್ತಾರೆ. ಬಲ್ಲವರಿಗೆ ಇದು ಅಷ್ಟು ಇಷ್ಟವಿಲ್ಲ, ಎರಡರ ನಡುವೆ ನೀರು ಸೇರಿದರೆ ತುಕ್ಕು ಒಳಗೊಳಗೇ ತಿನ್ನುತ್ತದೆ. ಆದರೆ ಅವರು ನಮ್ಮ ಕೆಲಸ ನೋಡಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಅದರಡಿ ಐದು ಪಾಲಿಕೆ, ಐದು ಹೊಸ ತಗಡು. ಎಂಥಾ ಫಳಫಳ! ಬೋರ್ಡಿಗೆ ಹೊಸ ಬಣ್ಣ, ಕಾರಿಗೆ ಹೊಸ ಬಣ್ಣ.

ಬೋಟಿನ ತಪಾಸಣೆಗೆ ಬರುವವನು ಸುತ್ತಿಗೆ ತಂದು ತಳವನ್ನು ತಟ್ಟಿ ನೋಡುತ್ತಾನೆ. ಇಲ್ಲಿ ಯಾರು ಏನನ್ನು ತಟ್ಟಿ ನೋಡಿದ್ದಾರೆ? 2023ರ ಮೇನಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಮಳೆನೀರು ತುಂಬಿ, ಕಾರಿನಲ್ಲಿದ್ದ ಒಬ್ಬ ಹುಡುಗಿ ಸತ್ತಳು. ವಿಧಾನಸೌಧದಿಂದ ನಡೆದುಹೋಗುವಷ್ಟು ದೂರ. ಅದರ ಬಗ್ಗೆ ತಮಾಷೆ ಮಾಡಲು ನನಗೆ ಬರುವುದಿಲ್ಲ. ಒಂದು ಅಂಡರ್‌ಪಾಸಿನ ನೀರು ಹೊರಗೆ ಹೋಗುವಂತೆ ಮಾಡುವುದು ಅಷ್ಟು ಕಷ್ಟವಾ?

ಇನ್ನು ದಾಖಲೆ ವಿಷಯ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದೆ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಸ್ಟೇಡಿಯಂ. ಕೆರೆಗೆ ಕಾಂಕ್ರೀಟ್ ಸುರಿದರೆ ಅಭಿವೃದ್ಧಿ. ನೀರಿನ ಮೇಲೆ ಸುಮ್ನೆ ಬೋಟು ನಿಲ್ಲಿಸಿದರೆ ಒತ್ತುವರಿ ಅಂತ ನೋಟಿಸು ಬರುತ್ತೆ, ನೋಡ್ತಿರು ಅಂದೆ. ಗೆಳೆಯ ಹೆದರಲಿಲ್ಲ. ಆಗಲೇ ಒಬ್ಬ ಬ್ರೋಕರನ್ನು ವಿಚಾರಿಸಿ ಬಂದಿದ್ದಾನೆ. ಎ ಖಾತಾ ಮಾಡಿಸಿಕೊಡ್ತೀನಿ ಸಾರ್, ಆದರೆ ಪೂರ್ವಕ್ಕೆ ಮುಖ ಇರೋ ಬೋಟಾದರೆ ರೇಟು ಜಾಸ್ತಿ ಅಂದನಂತೆ.