ಪಹಣಿಗಿಂತ ಹಿಂದಕ್ಕೆ ಹೋಗಬೇಕಾದರೆ

ಮನೆತನದ ಹಿನ್ನೆಲೆ ಹುಡುಕೋಕೆ ಪಹಣಿ (ಹೊಲ ಯಾರದು ಅಂತ ಹೇಳುವ ಸರ್ಕಾರಿ ದಾಖಲೆ) ಮತ್ತು ಜನನ ಮರಣ ದಾಖಲೆ ನೋಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ, ಆದರೆ ಹೆಳವರನ್ನು ಮರೆತಿದ್ದೀರಲ್ಲ! ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಗಂಟೆ ಬಾರಿಸಿ, ನಮ್ಮ ವಂಶವನ್ನು ನಮಗೇ ಓದಿ ಹೇಳುತ್ತಿದ್ದವರು ಅವರು. ಯಾವ ಊರಿಂದ ಬಂದವರು, ಯಾಕೆ ಊರು ಬಿಟ್ಟರು, ಯಾರಿಗೆ ಎಷ್ಟು ಮಕ್ಕಳು, ಎಲ್ಲಾ ಅವರ ಪುಸ್ತಕದಲ್ಲಿ ಇರುತ್ತಿತ್ತು. ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಸೇರಿಸಿ, ಕಾಳು ಕಡಿ ತಗೊಂಡು ಮುಂದಿನ ಮನೆಗೆ ಹೋಗೋರು. ಈಗ ಅವರ ಮಕ್ಕಳಲ್ಲಿ ಬಹಳ ಜನ ಬೇರೆ ಕೆಲಸ ಹಿಡಿದಿದ್ದಾರೆ.

ನಾನು ಹುಡುಕಿದ್ದು ಧಾರವಾಡದ ಕಡೆಯ ನಮ್ಮ ಹೊಲದ ಹಳೇ ಕಾಗದದಿಂದ. ನಿಜವಾಗಿ ಕೆಲಸಕ್ಕೆ ಬಂದಿದ್ದು ಪಹಣಿ ಅಲ್ಲ, ವಾರಸಾ ನೋಂದಣಿ. ಯಾರು ತೀರಿಕೊಂಡರು, ಹೊಲ ಯಾರ ಹೆಸರಿಗೆ ಬಂತು ಅಂತ ಅದರಲ್ಲಿ ಬರೆದಿರುತ್ತೆ. ಮುಂಬೈ ಪ್ರಾಂತ್ಯದಲ್ಲಿದ್ದ ಭಾಗ ಅಲ್ವಾ, ಇನ್ನೂ ಹಳೆಯ ಹಾಳೆಗಳು ಮೋಡಿ ಲಿಪಿಯಲ್ಲಿದ್ದವು, ಅಂದರೆ ಹಿಂದೆ ಮರಾಠಿ ಬರೆಯೋಕೆ ಬಳಸುತ್ತಿದ್ದ ಕೂಡಿಸಿ ಬರೆಯುವ ಲಿಪಿ. ಓದಿ ಕೊಡುವ ಹಿರಿಯರೊಬ್ಬರು ಸಿಗೋಕೆ ಎಂಟು ತಿಂಗಳು ಬೇಕಾಯಿತು.

ಇನ್ನೊಂದು ತಲೆನೋವು ಹೆಸರು. ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ರೂಢಿಯಿಂದ ನಮ್ಮಲ್ಲಿ ಮೂವರು ಬಸಪ್ಪ ಇದ್ದಾರೆ. ಇಬ್ಬರನ್ನು ಒಬ್ಬರೇ ಅಂದುಕೊಂಡು ಒಂದು ತಲೆಮಾರನ್ನೇ ನುಂಗಿಬಿಟ್ಟಿದ್ದೆ! ತಂದೆಯ ಹೆಸರು, ಸರ್ವೆ ನಂಬರ್ ಎರಡನ್ನೂ ಹೊಂದಿಸಿ ನೋಡಿ.

ಹೆಣ್ಣುಮಕ್ಕಳು ಮಾತ್ರ ಈ ಕಾಗದಗಳಲ್ಲಿ ಸಿಗೋದು ಕಡಿಮೆ. ಗಂಡ ಸತ್ತು ಹೊಲ ಹೆಸರಿಗೆ ಬಂದಾಗ 'ಕೋಂ' (ಇಂಥವರ ಹೆಂಡತಿ) ಅಂತ ಗಂಡನ ಹೆಸರಿನ ಜೊತೆ ಒಂದು ಸಾಲು, ಅಷ್ಟೇ. ನನ್ನ ಮುತ್ತಜ್ಜಿಯ ತವರು ಯಾವುದು ಅಂತ ಹೇಳಿದ್ದು ಕಾಗದ ಅಲ್ಲ, ತೊಂಬತ್ತು ದಾಟಿದ ನಮ್ಮ ಸೋದರತ್ತೆ.